ಕೆರೆಗೆ ಹೊರಗಿನ ಮೀನು ಸೇರಿದಾಗ: ಕೋಡಿ ಹರಿಯುವ ಮೊದಲು ಮಾಡಬೇಕಾದ ಕೆಲಸಗಳು

ಬೇಸಿಗೆಯಲ್ಲಿ ಕೆರೆಯ ನೀರು ಇಳಿದು, ಬಲೆ ಬೀಸಿದವರಿಗೆ ಕಾಟ್ಲಾ, ರೋಹುಗಳ ಬದಲು ಮೀಸೆ ಹೊತ್ತ, ಮೈಯೆಲ್ಲ ಲೋಳೆಯಾದ, ಮೊಳಕ್ಕಿಂತ ಉದ್ದದ ಮೀನುಗಳೇ ಸಿಗತೊಡಗಿದಾಗ ಊರಿನಲ್ಲಿ ಎರಡು ಬಗೆಯ ಮಾತು ಏಳುತ್ತದೆ. ಮೀನು ತಾನೆ, ದೊಡ್ಡದಾದಷ್ಟೂ ಒಳ್ಳೆಯದು ಎಂದು ಕೆಲವರು ಸುಮ್ಮನಾಗುತ್ತಾರೆ. ಏನಾದರೂ ಹಾಕಿ ಸಾಯಿಸಿಬಿಡೋಣ ಎಂದು ಇನ್ನು ಕೆಲವರು ಅವಸರಪಡುತ್ತಾರೆ. ಸುಮ್ಮನಿದ್ದರೆ ಮುಂದಿನ ಮಳೆಗಾಲದಲ್ಲಿ ಆ ಮೀನು ಕೋಡಿಯ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ದಾರಿಯ, ಮೂಲಕ ಕೆಳಗಿನ ಕೆರೆಗೆ ಇಳಿಯುತ್ತದೆ. ಅವಸರದಲ್ಲಿ ವಿಷ ಹಾಕಿದರೆ ಸಾಯಬೇಕಾದದ್ದನ್ನು ಬಿಟ್ಟು ಉಳಿದೆಲ್ಲವೂ ಸಾಯುತ್ತದೆ. ಇವೆರಡರ ನಡುವೆ ಮಾಡಬಹುದಾದ ಕೆಲಸ ಸಾಕಷ್ಟಿದೆ, ಮತ್ತು ಅದರ ಬಹುಪಾಲು ಫೆಬ್ರವರಿಯಿಂದ ಮೇ ತಿಂಗಳೊಳಗೆ ಮುಗಿಯಬೇಕಾದದ್ದು. ಬಯಲುಸೀಮೆಯ ಮತ್ತು ಮಲೆನಾಡಿನ ಅಂಚಿನ ಕೆರೆಗಳನ್ನು ನೋಡಿಕೊಳ್ಳುವ ಕೆರೆ ಸಮಿತಿಗಳು, ಮೀನುಗಾರರ ಸಹಕಾರ ಸಂಘಗಳು ಹಾಗೂ ಕೃಷಿ ಹೊಂಡದಲ್ಲಿ ಮೀನು ಸಾಕುವ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕೆಲಸವನ್ನು ಇಲ್ಲಿ ವಿವರಿಸಿದ್ದೇನೆ.

ಹೊರಗಿನಿಂದ ಬಂದ ಮೀನುಗಳೆಲ್ಲವೂ ಆಕ್ರಮಣಕಾರಿಗಳಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮತ್ತು ಬೆಳ್ಳಿಗೆಂಡೆಗಳನ್ನು (ಸಿಲ್ವರ್ ಕಾರ್ಪ್) 1959ರಲ್ಲಿ ಸಾಕಣೆಗೆಂದೇ ದೇಶಕ್ಕೆ ತರಲಾಯಿತು. ಇಂದಿಗೂ ಅವು ಮೀನು ಸಾಕಣೆಯ ಭಾಗವಾಗಿಯೇ ಇವೆ. ತಾನಾಗಿ ಮರಿ ಮಾಡಿ, ಹರಡಿ, ಮೊದಲಿನಿಂದ ಇದ್ದ ಜೀವಿಗಳನ್ನು ತಿಂದೋ ಆಹಾರ ಕಸಿದೋ ಮೂಲೆಗೆ ತಳ್ಳುವ ಮೀನಿನ ಬಗ್ಗೆ ಮಾತ್ರ ಇಲ್ಲಿನ ಮಾತು. ನಮ್ಮ ಕೆರೆಗಳ ಮಟ್ಟಿಗೆ ಆ ಪಟ್ಟಿಯಲ್ಲಿ ಮೊದಲು ನಿಲ್ಲುವುದು ಆಫ್ರಿಕನ್ ಕ್ಯಾಟ್‌ಫಿಶ್. ಸಂತೆಯಲ್ಲಿ ಇದನ್ನು ಬರಿದೇ ಕ್ಯಾಟ್‌ಫಿಶ್ ಎಂದೋ ಮಾಂಗೂರ್ ಎಂದೋ ಮಾರುತ್ತಾರೆ. ತೊಂಬತ್ತರ ದಶಕದಲ್ಲಿ ಕಳ್ಳದಾರಿಯಿಂದ ದೇಶದೊಳಗೆ ಬಂದ ಈ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವಂತೆ ಆದೇಶಿಸಿತು. ಆದರೂ ಕೋಳಿ ಮತ್ತು ಕಸಾಯಿಖಾನೆಗಳ ತ್ಯಾಜ್ಯ ತಿಂದು ಬೇಗ ಬೆಳೆಯುತ್ತದೆ, ಕೊಳಕು ನೀರಿನಲ್ಲೂ ಬದುಕುತ್ತದೆ ಎಂಬ ಕಾರಣಕ್ಕೆ ಅದರ ಸಾಕಣೆ ಪೂರ್ತಿ ನಿಂತಿಲ್ಲ.

ಗುರುತಿಸುವ ಕೆಲಸ

ಈ ಮೀನಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಇನ್ನೊಂದು ಅಂಗವಿದೆ. ಆದ್ದರಿಂದ ಆಮ್ಲಜನಕ ತೀರಿ ಬೇರೆ ಮೀನುಗಳು ತೇಲಿದಾಗಲೂ ಇದು ಉಳಿಯುತ್ತದೆ. ಕೆಸರಿನಲ್ಲಿ ಹುದುಗಿರಬಲ್ಲದು, ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ನೀರಿಗೆ ಹೋಗಬಲ್ಲದು. ಮೀಟರಿಗಿಂತ ಉದ್ದ ಬೆಳೆಯುತ್ತದೆ, ಮೀನು, ಕಪ್ಪೆ, ಹುಳು, ಕೊಳೆತದ್ದು ಯಾವುದನ್ನೂ ಬಿಡುವುದಿಲ್ಲ. ತೊಡಕೆಂದರೆ, ನಮ್ಮದೇ ನಾಡಿನ ಮುಗುಡು ಮೀನು ಇದೇ ಕುಲಕ್ಕೆ ಸೇರಿದ್ದು. ಅದಕ್ಕೂ ನಾಲ್ಕು ಜೊತೆ ಮೀಸೆಗಳಿವೆ, ಅದೂ ಗಾಳಿ ಉಸಿರಾಡುತ್ತದೆ, ಅದರ ಬೆನ್ನಿನ ಈಜುರೆಕ್ಕೆಯೂ ಉದ್ದವಾಗಿಯೇ ಇರುತ್ತದೆ. ಸ್ಥಳೀಯ ಮುಗುಡು ಒಂದೂವರೆ ಅಡಿ ದಾಟುವುದು ಅಪರೂಪ; ಆಫ್ರಿಕನ್ ಜಾತಿಯ ದೊಡ್ಡ ಮೀನುಗಳ ಮೈಮೇಲೆ ಬೂದು ಮತ್ತು ಕಪ್ಪು ಬೆರೆತ ಅಮೃತಶಿಲೆಯಂತಹ ಮಚ್ಚೆಗಳು ಕಾಣಿಸುತ್ತವೆ. ಆದರೆ ಮರಿಗಳಲ್ಲಿ ಈ ಗುರುತುಗಳು ಕೈಕೊಡುತ್ತವೆ. ತಲೆಯ ಮೂಳೆ ಕತ್ತಿನ ಬಳಿ ಮುಗಿಯುವ ಆಕಾರವನ್ನು ನೋಡಿ ತಜ್ಞರು ಹೇಳಬಲ್ಲರು. ಎರಡರ ಮಿಶ್ರತಳಿಯಾಗಿದ್ದರೆ ಅವರಿಗೂ ಪ್ರಯೋಗಾಲಯದ ಪರೀಕ್ಷೆ ಬೇಕಾಗುತ್ತದೆ. ಮೀಸೆಯಿರುವ ಇನ್ನೊಂದು ಸ್ಥಳೀಯ ಮೀನಾದ ಚೇಳುಮೀನನ್ನು ಮಾತ್ರ ಯಾರೂ ತಪ್ಪಾಗಿ ಗುರುತಿಸಬೇಕಾಗಿಲ್ಲ: ಅದರ ಬೆನ್ನಿನ ಈಜುರೆಕ್ಕೆ ಬೆರಳಿನ ಉಗುರಿನಷ್ಟು ಚಿಕ್ಕದು, ಮತ್ತು ಪಕ್ಕದ ಮುಳ್ಳು ಚುಚ್ಚಿದರೆ ಉರಿಯುವುದರಿಂದ ಮೀನುಗಾರರು ಅದನ್ನು ಒಮ್ಮೆ ಹಿಡಿದ ಮೇಲೆ ಮರೆಯುವುದಿಲ್ಲ.

ಹೀಗಾಗಿ ಸಂಶಯದ ಮೀನು ಸಿಕ್ಕಾಗ ಮಾಡಬೇಕಾದ ಮೊದಲ ಕೆಲಸ ಅದನ್ನು ಮರಳಿ ನೀರಿಗೆ ಬಿಡದೆ ಫೋಟೋ ತೆಗೆಯುವುದು. ಪಕ್ಕದಿಂದ ಒಂದು, ತಲೆಯ ಮೇಲಿನಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು. ಅಳತೆಗಾಗಿ ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ದಿನಾಂಕ, ಸಿಕ್ಕ ಜಾಗ, ಯಾವ ಬಲೆ ಎಂಬುದನ್ನು ಬರೆದುಕೊಳ್ಳಬೇಕು. ಮೀನನ್ನು ಮಂಜುಗಡ್ಡೆಯಲ್ಲಿಟ್ಟು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಲುಪಿಸಬೇಕು. ಬೆಂಗಳೂರಿನ ಸುತ್ತಮುತ್ತಲಿನವರಿಗೆ ಹೆಸರಘಟ್ಟದಲ್ಲಿರುವ ಸಿಹಿನೀರು ಮೀನು ಸಂಶೋಧನಾ ಕೇಂದ್ರವೂ, ಕರಾವಳಿಯವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜೂ ಹತ್ತಿರ. ಒಂದೇ ಮೀನು ಸಿಕ್ಕಿತೆಂದು ಅಲಕ್ಷ್ಯ ಮಾಡುವಂತಿಲ್ಲ. ಕಾಶ್ಮೀರದ ದಾಲ್ ಸರೋವರದಲ್ಲಿ 2023ರಲ್ಲಿ ಮೊಸಳೆಯಂತಹ ಮೂತಿಯ ಅಲಿಗೇಟರ್ ಗಾರ್ ಸಿಕ್ಕಿದಾಗ ಅದೂ ಒಂದೇ ಮೀನಾಗಿತ್ತು. ಉತ್ತರ ಅಮೆರಿಕದ ಆ ಮೀನು ಅಲ್ಲಿಗೆ ಈಜಿಕೊಂಡು ಬಂದಿರಲಾರದು ಎಂಬುದಷ್ಟೇ ಸಾಕು ವಿಚಾರಣೆ ಶುರುಮಾಡಲು.

ಯಾರ ಕೆರೆ, ಯಾರ ಮಾತು ನಡೆಯುತ್ತದೆ

ಇದು ಬೇಸರದ ವಿಷಯವಾದರೂ ಬಿಡುವಂತಿಲ್ಲ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಹೆಚ್ಚಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯವು ಪಂಚಾಯತಿಗಳಿಗೆ ಸೇರುತ್ತವೆ. ನೀರು ಒಬ್ಬರದಾದರೆ ಮೀನು ಹಿಡಿಯುವ ಹಕ್ಕು ಗುತ್ತಿಗೆ ಪಡೆದ ಸಂಘದ್ದೋ ವ್ಯಕ್ತಿಯದ್ದೋ ಆಗಿರುತ್ತದೆ. ಬಲೆ ಹಾಕುವ ಮೊದಲು ಗುತ್ತಿಗೆದಾರರನ್ನು, ಗದ್ದೆಗೆ ನೀರು ಬಿಡುವ ತೂಬು ಮುಟ್ಟುವ ಮೊದಲು ನೀರಾವರಿಯವರನ್ನು ಒಪ್ಪಿಸಿ, ಒಪ್ಪಿಗೆಯನ್ನು ಪತ್ರದ ರೂಪದಲ್ಲಿ ಇಟ್ಟುಕೊಳ್ಳಬೇಕು. ಗುತ್ತಿಗೆದಾರರೇ ನಿಷೇಧಿತ ಮರಿ ಬಿಟ್ಟಿರುವ ಅನುಮಾನವಿದ್ದರೆ ಊರಿನಲ್ಲಿ ಜಗಳಕ್ಕಿಳಿಯದೆ ಫೋಟೋ ಸಮೇತ ಇಲಾಖೆಗೆ ಲಿಖಿತ ದೂರು ಕೊಡುವುದೇ ಸರಿ.

ನೀರಿನ ದಾರಿಗಳನ್ನು ಕಾಯುವುದು

ನಮ್ಮ ಕೆರೆಗಳು ಒಂಟಿಯಾಗಿ ಇಲ್ಲ. ಮೇಲಿನ ಕೆರೆಯ ಕೋಡಿ ಹರಿದು ಕಾಲುವೆಯಾಗಿ ಕೆಳಗಿನ ಕೆರೆಯನ್ನು ತುಂಬಿಸುವ ಸರಣಿಯನ್ನು ಹಿಂದಿನವರು ನೀರಿಗಾಗಿ ಕಟ್ಟಿದರು. ಮೀನಿಗೆ ಅದೇ ಹೆದ್ದಾರಿ. ಆದ್ದರಿಂದ ಹಿಡಿಯುವುದಕ್ಕಿಂತ ಮೊದಲು ಆ ಕೆರೆಗೆ ನೀರು ಬರುವ ಮತ್ತು ಹೋಗುವ ದಾರಿಗಳೆಲ್ಲವನ್ನೂ ನಡೆದು ನೋಡಿ, ಕಾಗದದ ಮೇಲೆ ಗುರುತು ಹಾಕಬೇಕು: ಕೋಡಿ, ತೂಬು, ರಾಜಕಾಲುವೆ, ಏರಿಯ ಹಿಂದಿನ ಗದ್ದೆಗಳಿಗೆ ಹೋಗುವ ಮರಿಗಾಲುವೆ, ಸುತ್ತಮುತ್ತಲಿನ ಕೃಷಿ ಹೊಂಡ, ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಬಿಟ್ಟ ಗುಂಡಿಗಳು. ಈ ಗುಂಡಿಗಳನ್ನೇ ಜನ ಮರೆಯುವುದು. ಕೆರೆಯನ್ನು ಪೂರ್ತಿ ಬರಿದು ಮಾಡಿದರೂ ಪಕ್ಕದ ಒಂದು ಗುಂಡಿಯಲ್ಲಿ ಹತ್ತು ಮೀನು ಉಳಿದರೆ ಮಳೆ ಬಂದ ರಾತ್ರಿಯೇ ಅವು ಹಿಂದಿರುಗುತ್ತವೆ.

ತೂಬಿನ ಬಾಯಿಗೆ ಮತ್ತು ಕೃಷಿ ಹೊಂಡಗಳ ಹೊರಹರಿವಿಗೆ ಜಾಲರಿ ಹಾಕಬಹುದು. ಕೋಡಿಗೆ ಜಾಲರಿ ಹಾಕುವ ವಿಷಯದಲ್ಲಿ ಮಾತ್ರ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ: ನೀರಾವರಿ ಎಂಜಿನಿಯರ್ ಒಪ್ಪದೆ ಹಾಕಲೇಕೂಡದು. ಜೊಂಡು, ಪ್ಲಾಸ್ಟಿಕ್, ಅಂತರಗಂಗೆ ಬಂದು ಜಾಲರಿ ಕಟ್ಟಿಕೊಂಡು ನೀರು ಏರಿಯ ಮೇಲೆ ಹತ್ತಿದರೆ ಏರಿಯೇ ಒಡೆಯಬಹುದು; ಮೀನು ತಡೆಯಲು ಹೋಗಿ ಊರು ಮುಳುಗಿಸಿದಂತಾಗುತ್ತದೆ. ಒಪ್ಪಿಗೆ ಸಿಕ್ಕಿದರೂ ಮಳೆಯ ದಿನಗಳಲ್ಲಿ ಹಗಲು ರಾತ್ರಿ ಕಸ ತೆಗೆಯಲು ಆಳಿರಬೇಕು. ಅದಕ್ಕಿಂತ ಸುಲಭದ ಉಪಾಯವೆಂದರೆ ಕೋಡಿಯ ಕೆಳಗೆ ಕಾಲುವೆಯಲ್ಲಿ ನೀರು ನಿಲ್ಲುವ ಮಡುಗಳನ್ನು ಗುರುತಿಸಿಟ್ಟುಕೊಂಡು, ಕೋಡಿ ಹರಿದ ಮೊದಲ ವಾರ ಪ್ರತಿದಿನ ಅಲ್ಲಿ ಬೀಸು ಬಲೆ ಹಾಕುವುದು.

ಹಿಡಿಯುವುದು

ಆಫ್ರಿಕನ್ ಕ್ಯಾಟ್‌ಫಿಶ್ ಮುಂಗಾರಿನಲ್ಲಿ, ಹೊಸ ನೀರು ಅಂಚಿನ ಹುಲ್ಲನ್ನು ಮುಳುಗಿಸಿದಾಗ ಮೊಟ್ಟೆಯಿಡುತ್ತದೆ. ಗಿಡಗಳಿಗೆ ಅಂಟಿಕೊಂಡ ಮೊಟ್ಟೆಗಳು ಒಂದೆರಡು ದಿನಗಳಲ್ಲೇ ಒಡೆದು ಮರಿಯಾಗುತ್ತವೆ. ಮೊಟ್ಟೆಯಿಡುವ ದೊಡ್ಡ ಮೀನನ್ನು ಮಳೆಗೆ ಮೊದಲೇ ತೆಗೆದರೆ ಮಾತ್ರ ಶ್ರಮಕ್ಕೆ ಬೆಲೆ. ಬೇಸಿಗೆಯಲ್ಲಿ ನೀರು ಕುಗ್ಗಿದಾಗ ನಮಗೆ ಸಿಗುವ ಅನುಕೂಲ, ವರ್ಷವಿಡೀ ತುಂಬಿರುವ ಸರೋವರಗಳ ದೇಶಗಳಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿದರೂ ಸಿಗುವುದಿಲ್ಲ. ಸೊರಬ, ಸಾಗರ ಕಡೆಯ ಊರುಗಳಲ್ಲಿ ನಡೆಯುವ ಕೆರೆಬೇಟೆಯನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ: ನೀರು ಮೊಣಕಾಲಿಗೆ ಬಂದಾಗ ಇಡೀ ಊರೇ ಬಿದಿರಿನ ಕೂಣಿ ಹಿಡಿದು ಇಳಿದು, ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯಿಂದ ಕೈಹಾಕಿ ಮೀನು ತೆಗೆಯುವ ಪದ್ಧತಿ ಅದು. ಕೆಸರಿನಲ್ಲಿ ಹುದುಗುವ ಮೀನಿಗೆ ಎಳೆಬಲೆ ತಪ್ಪಿಸಿಕೊಳ್ಳುವುದು ಸುಲಭ, ಸಾಲಾಗಿ ಬರುವ ಕೂಣಿಗಳಿಂದ ತಪ್ಪಿಸಿಕೊಳ್ಳುವುದು ಕಷ್ಟ. ಆ ಪದ್ಧತಿ ಇಲ್ಲದ ಕಡೆ ಅದನ್ನು ಹೊಸದಾಗಿ ಹೂಡಬಹುದು. ಒಂದೇ ಬದಲಾವಣೆ: ಹೊರಗಿನ ಮೀನು ಒಂದೂ ಮರಳಿ ಹೋಗಬಾರದು, ಸ್ಥಳೀಯ ಮುಗುಡು, ಕೊರಮೀನುಗಳು ಸಿಕ್ಕರೆ ಅವುಗಳನ್ನು ನೀರು ತುಂಬಿದ ಡ್ರಮ್ಮುಗಳಲ್ಲಿ ಇಟ್ಟು ಕೊನೆಗೆ ಕೆರೆಗೇ ಬಿಡಬೇಕು ಎಂದು ಮೊದಲೇ ಊರಿಗೆ ತಿಳಿಸಿ, ಗುರುತಿಸಬಲ್ಲ ಇಬ್ಬರನ್ನು ದಡದಲ್ಲಿ ಕೂರಿಸಬೇಕು.

ನೀರು ಅಷ್ಟು ಇಳಿಯದ ಕೆರೆಗಳಲ್ಲಿ ಕಂತುಬಲೆ, ಎಳೆಬಲೆ ಮತ್ತು ಸಾಲುಗಾಳಗಳನ್ನು ಬೆರೆಸಿ ಬಳಸಬೇಕು. ಈ ಮೀನು ರಾತ್ರಿ ಮೇಯುವುದರಿಂದ ಸಂಜೆ ಇಟ್ಟ ಗಾಳಗಳಿಗೆ, ಅದರಲ್ಲೂ ಕೋಳಿಯ ಕರುಳು ಸಿಕ್ಕಿಸಿದವಕ್ಕೆ, ಹೆಚ್ಚು ಬೀಳುತ್ತದೆ. ಕಂತುಬಲೆಯನ್ನು ರಾತ್ರಿಯಿಡೀ ಬಿಟ್ಟುಹೋಗಬಾರದು. ಆಮೆ, ನೀರುಕಾಗೆಗಳು ಸಿಕ್ಕಿಹಾಕಿಕೊಂಡು ಉಸಿರುಗಟ್ಟುತ್ತವೆ. ಎರಡು ಮೂರು ಗಂಟೆಗೊಮ್ಮೆ ಎತ್ತಿ ನೋಡುವುದು ಕಡ್ಡಾಯ. ಬ್ಯಾಟರಿಯಿಂದ ಕರೆಂಟು ಹರಿಸಿ ಹಿಡಿಯುವವರು ಹಳ್ಳಿಗಳಲ್ಲಿ ಈಗ ಕಡಿಮೆಯೇನಿಲ್ಲ, ಆ ಸಹಾಯವನ್ನು ಯಾರು ನೀಡಿದರೂ ಬೇಡವೆನ್ನಬೇಕು: ಮನುಷ್ಯರೂ ಸಾಯುತ್ತಾರೆ.

ಎಷ್ಟು ಮೀನು ಹಿಡಿದೆವು ಎಂಬ ಲೆಕ್ಕದಿಂದ ಕೆರೆಯ ಸ್ಥಿತಿ ತಿಳಿಯುವುದಿಲ್ಲ. ಮೊದಲ ದಿನ ಹತ್ತು ಬಲೆಗೆ ಐವತ್ತು, ತಿಂಗಳ ನಂತರ ನಲವತ್ತು ಬಲೆಗೆ ಐವತ್ತು ಸಿಕ್ಕಿದರೆ ಸಂಖ್ಯೆ ಒಂದೇ, ಆದರೆ ಮೀನು ಕಡಿಮೆಯಾಗಿದೆ ಎಂದರ್ಥ. ಆದ್ದರಿಂದ ಪ್ರತಿದಿನ ಎಷ್ಟು ಬಲೆ, ಬಲೆಯ ಕಣ್ಣಿನ ಅಳತೆ ಎಷ್ಟು, ಎಷ್ಟು ಗಂಟೆ ಎಂಬುದನ್ನು ಮೀನಿನ ಸಂಖ್ಯೆ ಮತ್ತು ಉದ್ದದ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಉದ್ದದ ಕಾಲಂ ಕೂಡ ಮುಖ್ಯ: ಗೇಣುದ್ದದ ಮರಿಗಳು ಕಾಣಿಸಿದರೆ ಅದು ಕೆರೆಯಲ್ಲೇ ಮರಿ ಮಾಡಿದೆ, ಇಲ್ಲವೇ ಯಾರೋ ಮತ್ತೆ ತಂದು ಬಿಟ್ಟಿದ್ದಾರೆ.

ಹಿಡಿದ ಮೀನು ಗಂಟೆಗಟ್ಟಲೆ ನೀರಿಲ್ಲದೆ ಜೀವಂತವಿರುತ್ತದೆ. ಜೀವಂತ ಸಾಗಿಸಬಾರದು, ಗೋಣಿಚೀಲದಲ್ಲಿ ದಡದಲ್ಲಿ ಬಿಟ್ಟುಹೋಗಬಾರದು; ತಲೆಗೆ ಬಲವಾಗಿ ಹೊಡೆದು ಅಲ್ಲೇ ಕೊಲ್ಲುವುದು ಕ್ರೂರವೆನಿಸಿದರೂ ಒಣಗಿ ಸಾಯಲು ಬಿಡುವುದಕ್ಕಿಂತ ಮೇಲು. ನಂತರ ನೀರಿನಿಂದ ದೂರ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ವಿಷದ ಪ್ರಶ್ನೆ

ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಕೇಳುವ ಪ್ರಶ್ನೆಯಿದು. ಮಲೆನಾಡಿನ ಹಿರಿಯರಿಗೆ ಕಾರೆಕಾಯಿ ಜಜ್ಜಿ ಹೊಳೆಯ ಮಡುವಿಗೆ ಹಾಕಿ ಮೀನು ಮತ್ತೇರಿಸುವುದು ಗೊತ್ತು. ಇತ್ತೀಚಿನವರು ಬ್ಲೀಚಿಂಗ್ ಪೌಡರ್, ಕೀಟನಾಶಕದ ಮಾತಾಡುತ್ತಾರೆ. ನೀರಿಗೆ ವಿಷ ಹಾಕಿ ಅಥವಾ ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯ ಕಾಲದಿಂದಲೂ ಅಪರಾಧ. ಕಾನೂನನ್ನು ಬದಿಗಿಟ್ಟರೂ ಇದು ಕೆಟ್ಟ ಉಪಾಯವೇ. ಗಾಳಿ ಉಸಿರಾಡುವ, ಕೆಸರಿಗಿಳಿಯುವ ಮೀನು ವಿಷಕ್ಕೆ ಕೊನೆಗೆ ಸಾಯುತ್ತದೆ, ಪಕ್ಕೆ, ಗಿರಲುಗಳಂತಹ ಸ್ಥಳೀಯ ಮೀನುಗಳು ಮತ್ತು ಸೀಗಡಿಗಳು ಮೊದಲು ಸಾಯುತ್ತವೆ. ಹಾಗೆ ಬರಿದಾದ ಕೆರೆಯಲ್ಲಿ ಉಳಿದ ನಾಲ್ಕು ಕ್ಯಾಟ್‌ಫಿಶ್‌ಗಳಿಗೆ ಪ್ರತಿಸ್ಪರ್ಧಿಗಳೇ ಇರುವುದಿಲ್ಲ.

ಎಲ್ಲ ಅನುಕೂಲವಿದ್ದವರ ಕಥೆಯನ್ನೂ ಗಮನಿಸಬಹುದು. ಕ್ಯಾಲಿಫೋರ್ನಿಯಾದ ಡೇವಿಸ್ ಸರೋವರದಲ್ಲಿ 1994ರಲ್ಲಿ ನಾರ್ದರ್ನ್ ಪೈಕ್ ಎಂಬ ಬೇಟೆಗಾರ ಮೀನು ಕಾಣಿಸಿಕೊಂಡಿತು. ಆ ಸರೋವರದ ನೀರು ಕುಡಿಯುತ್ತಿದ್ದ ಪೋರ್ಟೋಲಾ ಪಟ್ಟಣದವರ ತೀವ್ರ ವಿರೋಧದ ನಡುವೆಯೇ 1997ರಲ್ಲಿ ಸರ್ಕಾರ ರೊಟೆನೋನ್ ಎಂಬ, ಗಿಡದ ಬೇರಿನಿಂದ ತೆಗೆಯುವ ಮೀನುವಿಷವನ್ನು ಹಾಕಿತು. 1999ರಲ್ಲಿ ಪೈಕ್ ಮತ್ತೆ ಕಾಣಿಸಿತು. ಅಲ್ಲಿಂದ ಎಂಟು ವರ್ಷ ಬಲೆ, ವಿದ್ಯುತ್ ಮುಂತಾದವುಗಳಿಂದ ಹತ್ತಾರು ಸಾವಿರ ಮೀನು ತೆಗೆದರೂ ತೀರಲಿಲ್ಲ. 2007ರಲ್ಲಿ, ಈ ಬಾರಿ ಊರಿನವರೊಡನೆ ಮೊದಲೇ ಮಾತಾಡಿ, ಸರೋವರದ ಜೊತೆಗೆ ಅದಕ್ಕೆ ಸೇರುವ ತೊರೆಗಳಿಗೂ ವಿಷ ಹಾಕಿದ ಮೇಲೆ ಕೆಲಸ ಮುಗಿಯಿತು. ಪ್ರಯೋಗಾಲಯ, ಹಣ, ಕಾನೂನಿನ ಅನುಮತಿ ಎಲ್ಲವೂ ಇದ್ದವರಿಗೇ ಇಷ್ಟಾದರೆ, ರಾತ್ರೋರಾತ್ರಿ ಡಬ್ಬ ಸುರಿಯುವುದರಿಂದ ನಮಗೇನು ಸಿಗಬಹುದೆಂದು ಕೇಳಿದವರಿಗೆ ಹೇಳಬಹುದು.

ಕೃಷಿ ಹೊಂಡದ ಮಾತು ಬೇರೆ. ಯಾವ ಕಾಲುವೆಗೂ ಸೇರದ, ಸ್ವಂತ ಹೊಂಡವನ್ನು ಮೀನು ಸಾಕಣೆಗೆ ಸಿದ್ಧಪಡಿಸುವಾಗ ಬೇಡದ ಮೀನು ತೆಗೆಯಲು ಹಿಪ್ಪೆ ಹಿಂಡಿ ಬಳಸುವುದು ಬಹಳ ಹಿಂದಿನಿಂದ ಒಪ್ಪಿತವಾದ ಕ್ರಮ. ಒಂದು ಹೆಕ್ಟೇರ್ ವಿಸ್ತಾರ, ಒಂದು ಮೀಟರ್ ಆಳದ ನೀರಿಗೆ ಸುಮಾರು 2,500 ಕಿಲೋ ಹಿಂಡಿ ಬೇಕು. ಹತ್ತು ಗುಂಟೆ ಹೊಂಡದಲ್ಲಿ ಮೀಟರ್ ನೀರಿದ್ದರೆ ಸುಮಾರು 250 ಕಿಲೋ ಆಯಿತು. ಅದರೊಳಗಿನ ನೊರೆಯ ಅಂಶ ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಎರಡು ಮೂರು ವಾರಗಳಲ್ಲಿ ವಿಷ ಇಳಿದು, ಹಿಂಡಿಯೇ ಗೊಬ್ಬರವಾಗುತ್ತದೆ. ಆದರೂ ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಮಾಡಬೇಕು, ಆ ವಾರಗಳಲ್ಲಿ ದನಕರುಗಳನ್ನು ನೀರಿಗೆ ಬಿಡಬಾರದು. ಕ್ಯಾಟ್‌ಫಿಶ್ ಇದ್ದ ಹೊಂಡವಾದರೆ ಹಿಂಡಿಯನ್ನು ನಂಬುವುದಕ್ಕಿಂತ ನೀರು ಪೂರ್ತಿ ಹೊರಹಾಕಿ, ತಳ ಬಿರುಕು ಬಿಡುವವರೆಗೆ ಒಣಗಿಸುವುದು ಖಾತ್ರಿಯ ದಾರಿ. ಹೊರಹಾಕುವ ನೀರಿನ ಪೈಪಿಗೆ ಜಾಲರಿ ಕಟ್ಟದಿದ್ದರೆ ಅದೇ ದಾರಿಯಲ್ಲಿ ಮೀನನ್ನು ಕಾಲುವೆಗೆ ಕಳುಹಿಸಿದಂತಾಗುತ್ತದೆ.

ಜಿಲೇಬಿ ಮತ್ತು ಸಕ್ಕರ್

ಜಿಲೇಬಿ ಮೀನು, ಅಂದರೆ ತಿಲಾಪಿಯಾ, 1952ರಲ್ಲಿ ದೇಶಕ್ಕೆ ಬಂದದ್ದು. ನಮ್ಮ ಬಹುತೇಕ ಕೆರೆಗಳಿಂದ ಅದನ್ನು ನಿರ್ಮೂಲ ಮಾಡುವ ಮಾತು ಈಗ ವ್ಯರ್ಥ. ಎಷ್ಟೋ ಮನೆಗಳ ಅಗ್ಗದ ಸಾರು ಅದೇ ಆಗಿದೆ. ಮಾಡಬಹುದಾದದ್ದು ಸಂಖ್ಯೆ ಇಳಿಸುವುದು. ಗಂಡು ಮೀನು ಅಂಚಿನ ಆಳವಿಲ್ಲದ ನೀರಿನಲ್ಲಿ ತಟ್ಟೆಯಾಕಾರದ ಕುಳಿ ತೋಡುತ್ತದೆ. ನೀರು ತಿಳಿಯಾಗಿದ್ದಾಗ ಏರಿಯ ಮೇಲೆ ನಿಂತರೆ ಸಾಲು ಸಾಲಾಗಿ ಕಾಣುತ್ತವೆ. ಅಲ್ಲೇ ಬೀಸು ಬಲೆ ಹಾಕಬೇಕು. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು ಕಾಯುವುದರಿಂದ ಕುಳಿಯನ್ನು ಮುಚ್ಚಿದರೆ ಮೊಟ್ಟೆ ನಾಶವಾಗುವುದಿಲ್ಲ. ಮರಿಗಳನ್ನು ತಿನ್ನಲು ಕೊರಮೀನು ಬಿಡುವುದು ಸ್ಥಳೀಯವಾದ, ಮಾರಿದರೆ ಹಣವೂ ಬರುವ ಉಪಾಯ.

ಅಕ್ವೇರಿಯಂ ಗಾಜು ಉಜ್ಜಲೆಂದು ಮಾರುವ ಸಕ್ಕರ್ ಮೀನಿನ ತೊಂದರೆ ಬೇರೆಯದು. ಮೈತುಂಬ ಮೂಳೆಯ ಹಲಗೆಗಳಿರುವ ಅದನ್ನು ಕೊಕ್ಕರೆಗೂ ನುಂಗಲಾಗದು, ಬಲೆಗೆ ಸಿಕ್ಕರೆ ಬಲೆಯೇ ಹರಿಯುತ್ತದೆ, ಸಂತೆಯಲ್ಲಿ ಕೊಳ್ಳುವವರಿಲ್ಲ. ಅದು ಮೊಟ್ಟೆಗಾಗಿ ದಂಡೆಯಲ್ಲಿ ಬಿಲ ತೋಡುತ್ತದೆ. ಮಣ್ಣಿನ ಏರಿಯಲ್ಲಿ ಬಿಲಗಳ ಸಾಲು ಕಂಡರೆ ಮೀನುಗಾರಿಕೆಯವರಿಗಿಂತ ಮೊದಲು ನೀರಾವರಿ ಎಂಜಿನಿಯರ್‌ಗೆ ತಿಳಿಸಬೇಕು. ನೀರು ಇಳಿದಾಗ ಬಿಲಗಳಿಂದ ಮೀನು ತೆಗೆದು, ಏರಿಯ ಕೆಲಸ ಬಲ್ಲವರಿಂದಲೇ ಅವುಗಳನ್ನು ಮಣ್ಣು ತುಂಬಿಸಿ ಗಟ್ಟಿಮಾಡಿಸಬೇಕು.

ಮತ್ತೆ ಬರದಂತೆ

ಹೊರಗಿನ ಮೀನು ಕೆರೆಗೆ ಬರುವ ದಾರಿಗಳು ಬೆರಳೆಣಿಕೆಯವು. ಕೇರಳದಲ್ಲಿ 2018ರ ಪ್ರವಾಹದ ನಂತರ ಅಮೆಜಾನಿನ ಅರಪೈಮಾ, ಅಲಿಗೇಟರ್ ಗಾರ್‌ಗಳು ಹೊಳೆಗಳಲ್ಲಿ ಬಲೆಗೆ ಬಿದ್ದದ್ದು ಸಾಕಣೆ ಕೊಳಗಳು ಒಡೆದಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ. ಹೊಂಡದ ಬದುವನ್ನು ಆ ಜಾಗದಲ್ಲಿ ಕಂಡ ಅತಿ ದೊಡ್ಡ ನೀರಿನ ಮಟ್ಟಕ್ಕಿಂತ ಎತ್ತರಿಸುವುದು ಅದಕ್ಕೆ ಉತ್ತರ. ಮನೆಯ ಅಕ್ವೇರಿಯಂನ ಮೀನು ದೊಡ್ಡದಾದಾಗ ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುವವರೂ, ಪುಣ್ಯಕ್ಕೆಂದು ಸಂತೆಯ ಜೀವಂತ ಮೀನು ಕೊಂಡು ಬಿಡುವವರೂ ಕೆಟ್ಟವರಲ್ಲ. ಅವರಿಗೆ ದಡದಲ್ಲಿ ಬೋರ್ಡ್ ಹಾಕಿ ದಂಡದ ಬೆದರಿಕೆ ಹಾಕುವುದಕ್ಕಿಂತ, ಬೇಡವಾದ ಮೀನನ್ನು ಮರಳಿ ಪಡೆಯಲು ಒಪ್ಪುವ ಅಂಗಡಿಯೊಂದರ ವಿಳಾಸವನ್ನು ಆ ಬೋರ್ಡಿನಲ್ಲಿ ಬರೆಯುವುದು ಹೆಚ್ಚು ಕೆಲಸ ಮಾಡುತ್ತದೆ. ಸೊಳ್ಳೆ ನಿಯಂತ್ರಣಕ್ಕೆ ಗಪ್ಪಿ, ಗ್ಯಾಂಬೂಸಿಯಾಗಳನ್ನು ತೊಟ್ಟಿಗಳಲ್ಲಿ ಬಿಡುವುದಾದರೆ ಅವು ತೊಟ್ಟಿಯಲ್ಲೇ ಉಳಿಯಲಿ, ಕೆರೆಗೆ ಅವುಗಳ ಅಗತ್ಯವಿಲ್ಲ.

ಆದರೆ ಕೆರೆಗೆ ಪ್ರತಿವರ್ಷ ತಪ್ಪದೆ ಮೀನು ಬರುವ ದಾರಿ ಒಂದೇ, ಅದು ಬಿತ್ತನೆಯ ಮರಿಗಳ ಚೀಲ. ಆಮ್ಲಜನಕ ತುಂಬಿದ ಪಾಲಿಥೀನ್ ಚೀಲಗಳು ಬೆಳಗಿನ ಜಾವ ಬಂದಿಳಿಯುತ್ತವೆ, ಬಿಸಿಲೇರುವ ಮೊದಲು ಬಿಡಬೇಕೆಂಬ ಆತುರದಲ್ಲಿ ಯಾರೂ ಒಳಗೆ ನೋಡುವುದಿಲ್ಲ. ಸರ್ಕಾರಿ ಅಥವಾ ನೋಂದಾಯಿತ ಮರಿ ಉತ್ಪಾದನಾ ಕೇಂದ್ರದಿಂದ ರಸೀದಿಯೊಡನೆ ಕೊಂಡರೂ, ಪ್ರತಿ ಹತ್ತು ಚೀಲಕ್ಕೆ ಒಂದನ್ನು ಬಿಳಿಯ ಟಬ್ಬಿಗೆ ಸುರಿದು, ನೆರಳಿನಲ್ಲಿ ಐದು ನಿಮಿಷ ನೋಡಬೇಕು. ಕಾಟ್ಲಾ, ರೋಹುಗಳಂತಹ ಗೆಂಡೆಯ ಮರಿಗಳು ನಡು ನೀರಿನಲ್ಲಿ ಗುಂಪಾಗಿ ಸುತ್ತುತ್ತವೆ; ತಳಕ್ಕೆ ಅಂಟಿಕೊಂಡು, ಚಪ್ಪಟೆ ತಲೆಯ, ಮೀಸೆಯ ಮರಿ ಒಂದು ಕಂಡರೂ ಆ ಲಾರಿಯ ಚೀಲಗಳನ್ನು ಕೆರೆಗೆ ಬಿಡದೆ ಹಿಂದಕ್ಕೆ ಕಳುಹಿಸಬೇಕು. ಈ ಪರೀಕ್ಷೆಯ ಷರತ್ತನ್ನು ಗುತ್ತಿಗೆ ನವೀಕರಣದ ಸಮಯದಲ್ಲೇ ಕರಾರಿನಲ್ಲಿ ಬರೆಸಿಕೊಂಡರೆ, ಲಾರಿ ಬಂದ ಬೆಳಿಗ್ಗೆ ವಾದಿಸುವ ಕಷ್ಟ ತಪ್ಪುತ್ತದೆ.